ಹತ್ಸುಯೊ ಅಜ್ಜಿಗೆ ಬಂದ ಸೊಪ್ಪಿನ ಉಡುಗೊರೆ

ನಮ್ಮ ಓಣಿಯಷ್ಟು ಸದ್ದಿಲ್ಲದ ಓಣಿ ಜಪಾನಿನ ಶಿಕೊಕು ದ್ವೀಪದಲ್ಲೇ ಇನ್ನೊಂದಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ಮೆಲ್ಲಗೆ ತಟ್ಟಿ, ಯಾಕೆಂದರೆ ಜೋರಾಗಿ ತಟ್ಟಿದರೆ ಪಕ್ಕದ ಮನೆಯವರಿಗೆ ಕೇಳಿಸೀತು. ಇಲ್ಲಿನ ಬೆಕ್ಕುಗಳು ಜಗಳ ಆಡಬೇಕೆನಿಸಿದರೆ ಗುಡ್ಡ ದಾಟಿ ಆಚೆ ಊರಿಗೆ ಹೋಗಿ ಆಡಿ, ಮೈ ಕೊಡವಿಕೊಂಡು ಮನೆಗೆ ಬರುತ್ತವೆ. ಹುಂಜ ಕೂಗುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಂಡು ಕ್ಷಮೆ ಕೇಳುತ್ತದೆ. ಹಿಂದೊಮ್ಮೆ ಭೂಕಂಪವಾದಾಗ ಎಲ್ಲ ಊರುಗಳಲ್ಲೂ ತಟ್ಟೆಗಳು ಢಣಾರೆಂದು ಒಡೆದವು. ನಮ್ಮಲ್ಲಿ ಮಾತ್ರ ಬಾಯಿಗೆ ಸೆರಗು ಮುಚ್ಚಿಕೊಂಡು ಒಡೆದವು. ಯುದ್ಧ ಮುಗಿದಾಗಿನಿಂದ ಇಲ್ಲಿಯವರೆಗೆ ಈ ಒಂಬತ್ತು ಮನೆಗಳಲ್ಲಿ ಒಬ್ಬರೂ ಇನ್ನೊಬ್ಬರ ಮೇಲೆ ದನಿ ಎತ್ತಿದ್ದಿಲ್ಲ.

ಈ ಮಾತನ್ನು ಹತ್ಸುಯೊ ಅಜ್ಜಿಯ ಎದುರು ಮಾತ್ರ ಯಾರೂ ಆಡುವುದಿಲ್ಲ. ಆಡಿದರೆ ಆಕೆ ಚಹಾ ಬಗ್ಗಿಸುತ್ತಾಳೆ. ಆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ.

ಅಜ್ಜಿಗೆ ಬರುವ ವರ್ಷ ಎಂಬತ್ತು. ದುಡಿದು ದುಡಿದು ಬೆನ್ನು ಎಷ್ಟು ಬಾಗಿದೆಯೆಂದರೆ ಎದುರಾದವರಿಗೆ ಬೇರೆಯಾಗಿ ತಲೆಬಾಗುವ ಕೆಲಸವೇ ಆಕೆಗೆ ಉಳಿದಿಲ್ಲ. ಊರವರೆಲ್ಲ ತಮಗೇ ಮರ್ಯಾದೆ ಸಿಕ್ಕಿತೆಂದು ಖುಷಿಯಾಗಿ ಮುಂದೆ ಹೋಗುತ್ತಾರೆ. ಗಂಡ ದೋಣಿ ಎಂಜಿನ್ನುಗಳನ್ನು ರಿಪೇರಿ ಮಾಡುತ್ತಿದ್ದವನು, ತೀರಿಕೊಂಡು ಬಹಳ ಕಾಲವಾಯಿತು. ಗುಡ್ಡದ ಮೇಲಿನ ಕಿತ್ತಳೆ ತೋಟವನ್ನು ಆಕೆ ಕಾಡುಹಂದಿಗಳಿಗೆ ಬಿಟ್ಟುಕೊಟ್ಟಿದ್ದಾಳೆ. ಉಳಿದಿರುವುದು ರಸ್ತೆಯ ಬದಿಯ ಒಂದು ತುಂಡು ಸಮತಟ್ಟು ಭೂಮಿ. ಅದರಲ್ಲಿ ಮೂಲಂಗಿ.

ಆ ಮೂಲಂಗಿಯ ವಿಷಯ ಹೇಳಲೇಬೇಕು. ಮದುವೆಯಾದ ಹೊಸತರಲ್ಲಿ ಗಂಡನಿಗೆ ಪ್ರೀತಿಯ ಮಾತಾಡಲು ನಾಲಗೆ ಹೊರಳದೆ, ಅದರ ಬದಲು ಆ ತುಂಡು ಭೂಮಿಯ ಮಣ್ಣನ್ನೆಲ್ಲ ಜರಡಿ ಹಿಡಿದು ಕೊಟ್ಟಿದ್ದನಂತೆ. ಈಗಲೂ ಅಲ್ಲಿ ಹುಡುಕಿದರೆ ಸಾಸಿವೆ ಕಾಳಿನಷ್ಟು ಕಲ್ಲು ಸಿಕ್ಕುವುದಿಲ್ಲ. ಹಾಗಾಗಿ ಮೂಲಂಗಿ ಅಡೆತಡೆಯಿಲ್ಲದೆ ನೆಟ್ಟಗೆ ಪಾತಾಳದ ಕಡೆ ಇಳಿಯುತ್ತದೆ. ಕೀಳುವಾಗ ಅದರ ತುದಿಗೆ ಯಾರದೋ ದೇಶದ ಮಣ್ಣು ಅಂಟಿಕೊಂಡು ಬಂದದ್ದುಂಟು. ಮೂಲಂಗಿಯನ್ನು ಚಳಿಗಾಳಿಗೆ ಸೂರಿನಡಿ ನೇತುಹಾಕಿ, ಬಾಡಿದ ಮೇಲೆ ಪೀಪಾಯಿಯಲ್ಲಿ ಅಕ್ಕಿ ತೌಡು ಉಪ್ಪು ಹಾಕಿ, ಕಲ್ಲು ಹೇರಿ, ಅಜ್ಜಿ ಉಪ್ಪಿನಕಾಯಿ ಮಾಡುತ್ತಾಳೆ. ಒಂದು ಹೋಳು ಕಚ್ಚಿದರೆ ಕಟುಕ್ ಎನ್ನುವ ಆ ಸದ್ದೊಂದೇ ನಮ್ಮ ಓಣಿಯಲ್ಲಿ ಒಪ್ಪಿತವಾದ ಸದ್ದು. ಅತ್ತೆ ಕೈಯಿಂದ ಬಂದ ಪೀಪಾಯಿ. ಸೊಸೆಯಾಗಿ ಬಂದ ಮೇಲೆ ಒಂದು ಚಳಿಗಾಲವೂ ಅದು ಖಾಲಿ ಕೂತಿಲ್ಲ. ಬೀಜ ಬಿತ್ತುವುದು ಗೋರಿಗಳಿಗೆ ಹೂವಿಡುವ ಶರತ್ಕಾಲದ ವಾರಕ್ಕೆ ಮುಂಚೆ. ಆ ವಾರ ದಾಟಿದರೆ ಮೂಲಂಗಿ ಬೆಳೆಯುವುದಿಲ್ಲ, ಬರೀ ಬೇಜಾರು ಬೆಳೆಯುತ್ತದೆ.

ಈ ಭೂಮಿಯ ಹಿಂಬದಿಗೆ ಕುರಾಹಾಶಿಯ ಬೇಲಿ.

ಕುರಾಹಾಶಿ ಕ್ಷೌರದವನು. ಊರಿನ ತಲೆಗಳಲ್ಲಿ ಅರ್ಧ ಪಟ್ಟಣ ಸೇರಿದವು, ಉಳಿದರ್ಧ ಬೋಳಾದವು. ಆಗ ಅಂಗಡಿ ಮುಚ್ಚಿ ಮನೆಯಲ್ಲಿ ಕೂತ. ಆದರೆ ಕೈ ಕೂರಬೇಕಲ್ಲ! ಕತ್ತರಿ ಹಿಡಿದು ಬೇಲಿಗೆ ಇಳಿದ. ಬೆಳಿಗ್ಗೆ ಕತ್ತರಿಸಿದ, ಸಂಜೆ ಕತ್ತರಿಸಿದ. ಕತ್ತರಿಸುವಾಗ ಅಭ್ಯಾಸಬಲದಿಂದ ಬೇಲಿಗೆ "ಈ ವರ್ಷ ಸೆಕೆ ಜಾಸ್ತಿ ಅಲ್ವಾ?" ಎಂದು ಕೇಳುತ್ತಿದ್ದ. ಬೇಲಿಗೆ ಎಡಗಡೆ ಬೈತಲೆ ತೆಗೆದ. ದಾಳಿಂಬೆ ಗಿಡದ ಕಿವಿಯ ಹಿಂದೆಲ್ಲ ನುಣ್ಣಗೆ ಮಾಡಿದ. ಅವನು ಕತ್ತರಿ ಝಳಪಿಸುತ್ತ ಅಂಗಳಕ್ಕೆ ಬಂದರೆ ಹೂವಿನ ಗಿಡಗಳು ಉಸಿರು ಬಿಗಿಹಿಡಿಯುತ್ತಿದ್ದವು.

ಕತ್ತರಿಸಿದ್ದು ಎಲ್ಲಿಗೆ ಹೋಗಬೇಕು? ನಮ್ಮೂರಿನ ಕಸದ ಕಾಯಿದೆ ಮದುವೆಯ ಕಾಯಿದೆಗಿಂತ ಬಿಗಿ. ಕೊಂಬೆಯನ್ನು ಮೊಣಕೈ ಉದ್ದಕ್ಕೆ ತುಂಡು ಮಾಡಿ, ದಾರದಿಂದ ಕಟ್ಟಿ, ಪಾರದರ್ಶಕ ಚೀಲದಲ್ಲಿ ಹಾಕಿ, ಚೀಲದ ಮೇಲೆ ಮನೆ ಯಜಮಾನನ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಗೊತ್ತಾದ ದಿನ ಓಣಿಯ ಮೂಲೆಯಲ್ಲಿ ಇಡಬೇಕು. ಒಂದೆರಡು ಚೀಲ ಇಟ್ಟರೆ ಸಂಸಾರಸ್ಥರು. ಅದಕ್ಕಿಂತ ಹೆಚ್ಚು ಇಟ್ಟರೆ ಜನ ಹೆಸರು ಓದುತ್ತಾರೆ.

"ಇಷ್ಟು ಚೀಲದ ಮೇಲೆ ನಮ್ಮ ಹೆಸರಾ? ನಾನು ನಾಳೆಯಿಂದ ಮೀನಂಗಡಿಗೆ ಹೋಗೋದು ಹೇಗೆ?" ಎಂದಳು ಹೆಂಡತಿ ಕಿನುಕೊ.

"ಹಾಗಾದ್ರೆ ಏನ್ಮಾಡ್ಲಿ, ತಿನ್ನಲಾ?" ಎಂದ ಕುರಾಹಾಶಿ.

ತಿನ್ನಲಿಲ್ಲ. ಮರುದಿನದಿಂದ ನಸುಕಿನಲ್ಲೇ ಎದ್ದು ಬುಟ್ಟಿಗಟ್ಟಲೆ ಬೇಲಿಯಾಚೆ ಸುರಿಯತೊಡಗಿದ. ಬೇಸಿಗೆ ಬೆಳೆ ಕಿತ್ತು ಖಾಲಿ ಬಿಟ್ಟಿದ್ದ ಅಜ್ಜಿಯ ಭೂಮಿಯಲ್ಲಿ ಮೊದಲು ಒಂದು ಗುಪ್ಪೆ ಎದ್ದಿತು, ಆಮೇಲೆ ದಿಬ್ಬ.

ನೀವಾಗಿದ್ದರೆ ಬೇಲಿ ಹತ್ತಿರ ಹೋಗಿ ನಾಲ್ಕು ಮಾತು ಬಯ್ಯುತ್ತಿದ್ದಿರಿ. ನಮ್ಮಲ್ಲಿ ಅದಾಗದು. ಸತ್ತಾಗ ಹೆಗಲು ಕೊಡುವವರು ಇದೇ ಒಂಬತ್ತು ಮನೆಯವರು. ಬೈಸಿಕೊಂಡವನು ದಾರಿಯಲ್ಲಿ ಸ್ವಲ್ಪ ಓರೆಯಾಗಿ ಹೊತ್ತರೆ ಏನು ಗತಿ? ಅಜ್ಜಿ ಆ ವರ್ಷದ ಓಣಿ ಯಜಮಾನ ಇಸೊಗಾಯ್ ಹತ್ತಿರ ಹೋದಳು. ಇಸೊಗಾಯ್ ಸೋಯಾ ಹಾಲಿನ ಮೆತ್ತನೆಯ ತೋಫು ಮಾಡಿ ಮಾರುವವನು, ಮನಸ್ಸೂ ತೋಫುವೇ. ಮಳೆ, ಮೊಣಕಾಲು, ಮೀನಿನ ರುಚಿ ಎಲ್ಲ ಮಾತಾಡಿ ಮುಗಿದ ಮೇಲೆ ಅಜ್ಜಿ ವಿಷಯಕ್ಕೆ ಬಂದಳು.

"ಈ ವರ್ಷ ಎಲೆಗಳು ಬಹಳ ದೂರ ಹಾರ್ತಾವೆ, ಅಲ್ವಾ ಇಸೊಗಾಯ್-ಸಾನ್?"

"ಗಾಳಿ ಜಾಸ್ತಿ."

"ಹೂಂ. ಬೆಳಗಿನ ಜಾವ ಎದ್ದು, ಬುಟ್ಟಿ ಹಿಡ್ಕೊಂಡು ಬರುತ್ತೆ ಗಾಳಿ."

ಇಸೊಗಾಯ್ ಹಲ್ಲಿನ ಸಂದಿಯಿಂದ ಸ್ಸ್ಸ್ ಎಂದು ಉಸಿರೆಳೆದುಕೊಂಡ. ಅಂದರೆ ಅರ್ಥವಾಯಿತು, ಆದರೆ ಆಗದಿದ್ದರೆ ಚೆನ್ನಾಗಿತ್ತು ಎಂದು. ಮನೆಯಿಂದ ಮನೆಗೆ ಸುತ್ತುವ ಓಣಿಯ ಸುತ್ತೋಲೆಯಲ್ಲಿ ಒಂದು ವಾಕ್ಯ ಸೇರಿಸುವೆನೆಂದು ಒಪ್ಪಿಕೊಂಡ. ಎರಡು ಬಾರಿ ತೋಫು ಒಡೆದುಹೋಗುವಷ್ಟು ತಲೆ ಕೆಡಿಸಿಕೊಂಡು ಬರೆದ ಆ ವಾಕ್ಯ ಹೀಗಿತ್ತು: "ಹಸಿರು ದಟ್ಟವಾಗುವ ಈ ಋತುವಿನಲ್ಲಿ ಎಲೆಗಳಿಗೂ ತಮ್ಮದೇ ಆದ ನೆಲೆಯಿದೆ ಎಂಬ ಭಾವನೆಯನ್ನು ಎಲ್ಲರೂ ಹಂಚಿಕೊಳ್ಳೋಣ."

ಸುತ್ತೋಲೆ ಸುತ್ತಿತು. ಕೊನೆ ಮನೆಯ ಮುದುಕ ಅದು ತನಗೇ ಹೇಳಿದ್ದೆಂದು ಎಲೆ ಚಿತ್ರದ ಅಂಗಿ ತೊಡುವುದನ್ನು ಬಿಟ್ಟ. ನಡುವಿನ ಮನೆಯಾಕೆ ರಸ್ತೆಯನ್ನು ದಿನಕ್ಕೆರಡು ಸಲ ಗುಡಿಸಿದಳು. ಕುರಾಹಾಶಿ ಮಾತ್ರ ಓದಿದ್ದಕ್ಕೆ ಗುರುತಾಗಿ ತನ್ನ ಮುದ್ರೆ ಒತ್ತಿ, ತಾನೇ ತೋಫು ಅಂಗಡಿಗೆ ಬಂದು ಹೇಳಿದ:

"ಒಳ್ಳೇದು ಬರೆದ್ರಿ ಯಜಮಾನ್ರೇ. ಕೆಲವರಿಗೆ ಅಷ್ಟೂ ಬುದ್ಧಿ ಇರಲ್ಲ."

ಅಜ್ಜಿ ಆ ರಾತ್ರಿ ನಿದ್ದೆಗೆಡಲಿಲ್ಲ. ಚೆನ್ನಾಗಿ ಮಲಗೆದ್ದು, ಮರುದಿನ ಹಬ್ಬಕ್ಕೆ ಉಡುವ ಕಿಮೊನೊ ತೊಟ್ಟಳು. ಹೆಸರಾಂತ ಅಂಗಡಿಯ ಕೆಂಪು ಕಾಳಿನ ಸಿಹಿತಿಂಡಿಯ ಡಬ್ಬಿಯನ್ನು ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಬೇಲಿಯ ಬದಿಯಿಂದಲ್ಲ, ಓಣಿಯ ಎಲ್ಲರಿಗೂ ಕಾಣುವಂತೆ ಮುಂಬಾಗಿಲಿನಿಂದ ಕುರಾಹಾಶಿಯ ಮನೆಗೆ ಹೋದಳು.

"ಕುರಾಹಾಶಿ-ಸಾನ್, ನಿಮ್ಮ ಋಣ ಹೇಗೆ ತೀರಿಸ್ಲಿ? ಒಂಟಿ ಮುದುಕಿ, ಹೊಲಕ್ಕೆ ಗೊಬ್ಬರ ಇಲ್ಲ ಅಂತ ನೀವೇ ತಿಳ್ಕೊಂಡು ದಿನಾ ಸೊಪ್ಪು ತಂದು ಹಾಕ್ತಿದ್ದೀರಂತೆ. ನಾನು ಎದ್ದು ಬಂದು ಥ್ಯಾಂಕ್ಸ್ ಹೇಳೋ ತೊಂದರೆ ತಗೋಬಾರದು ಅಂತ ಜಾವದಲ್ಲೇ ಬಂದು ಹೋಗ್ತೀರಿ. ಎಂಥಾ ದೊಡ್ಡ ಮನಸ್ಸು!"

ಕುರಾಹಾಶಿಯ ಮುಖ ಬಿಸಿನೀರಿನ ಟವೆಲ್ ಹಾಕಿದ ಹಾಗೆ ಕೆಂಪಾಯಿತು. ಅದು ಗೊಬ್ಬರವಲ್ಲ, ಕಸ ಎಂದರೆ ಮಾನ ಹೋಗುತ್ತದೆ. ಹೌದು ಎಂದರೆ ಡಬ್ಬಿ ತೆಗೆದುಕೊಳ್ಳಬೇಕಾಗುತ್ತದೆ.

"ಅಯ್ಯೋ, ಅದೇನು ಮಹಾ..." ಎಂದು ಡಬ್ಬಿ ತೆಗೆದುಕೊಂಡ.

ಇನ್ನು ನಾಚಿ ನಿಲ್ಲಿಸುತ್ತಾನೆಂದು ಅಜ್ಜಿಯ ಎಣಿಕೆ. ಆದರೆ ಕುರಾಹಾಶಿ ಸಿಹಿ ತಿಂದು ಯೋಚಿಸಿದ: ಮುದುಕಿ ನಿಜಕ್ಕೂ ಖುಷಿಯಾಗಿದ್ದಾಳೆ! ಮರುದಿನ ಹಾಡುಹಗಲಲ್ಲಿ ಕೈಗಾಡಿಯ ತುಂಬ ಕೊಂಬೆರೆಂಬೆ ಹೇರಿಕೊಂಡು ರಸ್ತೆಯ ಕಡೆಯಿಂದಲೇ ಬಂದ. ಯಾರಿಗಾದರೂ ಏನಾದರೂ ಕೊಡುವಾಗ ನಮ್ಮಲ್ಲಿ ಹೇಳುವ ಮಾತೊಂದಿದೆ. ಕೊಡುವುದು ಮುತ್ತಿನ ಸರವಾದರೂ ಹಾಗೇ ಹೇಳಬೇಕು. ಅದನ್ನೇ ಹೇಳಿದ:

"ಕೆಲಸಕ್ಕೆ ಬಾರದ ವಸ್ತು, ದಯವಿಟ್ಟು ಸ್ವೀಕರಿಸಿ."

ನಮ್ಮ ಓಣಿಯ ಚರಿತ್ರೆಯಲ್ಲಿ ಆ ಮಾತು ಅಕ್ಷರಶಃ ನಿಜವಾದದ್ದು ಅದೇ ಮೊದಲು.

ಅಜ್ಜಿ ಎರಡನೆಯ ಬಾಣ ತೆಗೆದಳು. ನಮ್ಮ ದೇಗುಲಕ್ಕೆ ಅಕ್ಕಿ, ಸಾಕೆ ಎಂಬ ಅಕ್ಕಿಮದ್ಯ, ಹಣ ಏನು ಕೊಟ್ಟರೂ ಕೊಟ್ಟವರ ಹೆಸರನ್ನು ಹಲಗೆಯ ಮೇಲೆ ಬರೆದು ಎಲ್ಲರಿಗೂ ಕಾಣುವ ಹಾಗೆ ನೇತುಹಾಕುತ್ತಾರೆ. ಅಜ್ಜಿಯೂ ಒಂದು ಹಲಗೆ ಹೊಂದಿಸಿ, ದಪ್ಪ ಕುಂಚದಲ್ಲಿ "ಅರ್ಪಣೆ: ಕುರಾಹಾಶಿ ಮನೆತನದವರು. ಸೊಪ್ಪು, ಒಂದು ಗುಡ್ಡ" ಎಂದು ಬರೆದು ದಿಬ್ಬದ ಮುಂದೆ ರಸ್ತೆಗೆ ಮುಖಮಾಡಿ ನೆಟ್ಟಳು. ಚೀಲದ ಮೇಲೆ ಹೆಸರು ಬರೆಯಲು ನಾಚುವವನಿಗೆ ಇದನ್ನು ನೋಡಿ ಜೀವ ಹೋದೀತು ಎಂದುಕೊಂಡಳು.

ಜೀವ ಬಂದಿತು. ಕುರಾಹಾಶಿ ಹಲಗೆಯ ಪಕ್ಕ ನಿಂತು ಕಿನುಕೊ ಕೈಯಲ್ಲಿ ಫೋಟೊ ತೆಗೆಸಿಕೊಂಡ. ಹೆಸರಿನ ಹಿಂದಿರುವ ದಿಬ್ಬ ಕೆದರಿಕೊಂಡಿದ್ದರೆ ಚೆನ್ನಾಗಿರದೆಂದು ಅದನ್ನೂ ಕತ್ತರಿಯಿಂದ ದುಂಡಗೆ ಮಾಡಿದ.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಎರಡು ದಿನ ಕಳೆದು ಇಸೊಗಾಯ್ ಒಂದು ಮೂಟೆ ಸೊಪ್ಪನ್ನು ಹೊತ್ತು ಬಂದ. ಕಂಕುಳಲ್ಲಿ ತಾನೇ ಬರೆಸಿದ ಹಲಗೆ.

"ಇದ್ಯಾಕೆ ಯಜಮಾನ್ರೇ?" ಎಂದಳು ಅಜ್ಜಿ.

"ಕುರಾಹಾಶಿ-ಸಾನ್ ಹೆಸರೊಂದೇ ನೇತಾಡ್ತಿದೆ. ಓಣಿ ಯಜಮಾನ ಏನೂ ಕೊಡ್ಲಿಲ್ಲ ಅಂತ ಆಗಬಾರ್ದಲ್ಲ. ಕೆಲಸಕ್ಕೆ ಬಾರದ ವಸ್ತು..."

ಒಬ್ಬರು ಕೊಟ್ಟು ಹೆಸರು ಬಂದ ಮೇಲೆ ಉಳಿದವರು ಕೊಡದೆ ಇರುವುದುಂಟೆ? ಉಳಿದೆಲ್ಲ ಮನೆಯವರೂ ಬಂದರು. ಎಲೆ ಅಂಗಿಯ ಮುದುಕ ಚೆರ್ರಿ ಮರದ ಕೊಂಬೆ ತಂದ. ಅಂಗಳದಲ್ಲಿ ಒಂದೇ ಒಂದು ಕುಂಡವಿದ್ದವರು ಅದನ್ನೇ ಬೋಳಿಸಿ ತಂದರು. ದಿಬ್ಬ ಗುಡ್ಡವಾಯಿತು. ನಮ್ಮ ಓಣಿಗೆ ಸೂರ್ಯ ಅರ್ಧ ಗಂಟೆ ತಡವಾಗಿ ಹುಟ್ಟತೊಡಗಿದ. ಅದರ ತುದಿಯಲ್ಲಿ ಹದ್ದು ಗೂಡು ಕಟ್ಟಿತು. ಮಂಜು ಕವಿದ ದಿನ ಬಂದರಿನ ದೋಣಿಗಳು ದೀಪಸ್ತಂಭ ಬಿಟ್ಟು ಅದನ್ನೇ ನೋಡಿ ದಡ ಸೇರಿದವೆಂದು ಹೇಳುವವರಿದ್ದಾರೆ. ನಾನೇ ಹೇಳಿದ್ದೇನೆ.

ಗದ್ದೆಯ ಬದುಗಳಲ್ಲಿ ಗೋರಿ ವಾರದ ಕೆಂಪು ಹೂವಿನ ಮೊಗ್ಗುಗಳು ಮಣ್ಣು ಸೀಳಿ ಮೇಲೆದ್ದವು. ಅಜ್ಜಿ ಪೀಪಾಯಿ ತೊಳೆದು ಬಿಸಿಲಿಗೆ ಕವುಚಿಟ್ಟಿದ್ದಳು. ಬೀಜದ ಪೊಟ್ಟಣ ಹಿಡಿದು ಜಗಲಿಯಲ್ಲಿ ಕೂತಳು. ಬಿತ್ತಲು ಅಂಗೈಯಗಲ ಮಣ್ಣು ಕಾಣುತ್ತಿರಲಿಲ್ಲ. ಹೊತ್ತು ಹಾಕೋಣವೆಂದರೆ ಎಂಬತ್ತರ ಹತ್ತಿರದ ಬೆನ್ನು. ಸೊಪ್ಪಿನಡಿಯೇ ಅಗೆದು ಹೂಳೋಣವೆಂದರೆ ಒಂದು ಕಡ್ಡಿ ತಾಗಿದರೂ ಮೂಲಂಗಿ ಕವಲೊಡೆದು ಎರಡು ಕಾಲಿನದಾಗುತ್ತದೆ. ನೋಡಲು ತಮಾಷೆ, ಪೀಪಾಯಿಯಲ್ಲಿ ಮಾತ್ರ ಮಲಗುವುದಿಲ್ಲ.

ಆ ಹೊತ್ತಿಗೆ ಅಂಚೆಯವನು ಒಂದು ಪೊಟ್ಟಣ ತಂದುಕೊಟ್ಟ. ಆಚೆ ಊರಿನ ಸಂಬಂಧಿಕರೊಬ್ಬರ ಸಾವಿಗೆ ಅಜ್ಜಿ ಕಾಣಿಕೆ ಕಳಿಸಿದ್ದಳು. ಪದ್ಧತಿಯಂತೆ ಅದರ ಅರ್ಧದಷ್ಟು ಬೆಲೆಯ ಮರುಕಾಣಿಕೆ ಬಂದಿತ್ತು, ಹಸಿರು ಚಹಾದ ಡಬ್ಬಿ. ಯಾರು ಏನು ಕೊಟ್ಟರೂ ಅರ್ಧದಷ್ಟನ್ನು ಹಿಂದಿರುಗಿಸದಿದ್ದರೆ ನಮ್ಮಲ್ಲಿ ಅದು ಮನೆತನಕ್ಕೆ ಕುಂದು. ಅಜ್ಜಿ ಡಬ್ಬಿಯನ್ನು ನೋಡಿದಳು. ಗುಡ್ಡವನ್ನು ನೋಡಿದಳು. ಮತ್ತೆ ಡಬ್ಬಿಯನ್ನು ನೋಡಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ರೇಡಿಯೊ ಕೇಳುತ್ತ ಮಾಡುವ ವ್ಯಾಯಾಮಕ್ಕೆ ರಸ್ತೆಗೆ ಬರುವ ಹೊತ್ತಿಗೆ ಅಜ್ಜಿ ಕೈಗಾಡಿ ತಳ್ಳಿಕೊಂಡು ಹೊರಟಳು. ಗಾಡಿಯಲ್ಲಿ ಬಿಳಿ ಕಾಗದ ಹೊದಿಸಿ, ಕೆಂಪು ಬಿಳಿ ದಾರ ಬಿಗಿದ ದೊಡ್ಡ ದೊಡ್ಡ ಗಂಟುಗಳು. ಕುರಾಹಾಶಿಯ ಬಾಗಿಲು ಸರಿಸಿದಳು.

"ಕಿನುಕೊ-ಸಾನ್, ತಡ ಆಯ್ತು, ಕ್ಷಮಿಸಿ. ಮರುಕಾಣಿಕೆ ತಂದಿದ್ದೀನಿ."

"ಅಯ್ಯೋ ಬೇಡ ಬೇಡ, ಅಷ್ಟೆಲ್ಲ ಯಾಕೆ!"

"ಹಾಗನ್ನಬೇಡಿ. ಕೆಲಸಕ್ಕೆ ಬಾರದ ವಸ್ತು."

"ನಮಗೆ ಸಂಕೋಚ ಆಗುತ್ತೆ ಹತ್ಸುಯೊ-ಸಾನ್."

"ಸಂಕೋಚ ನನ್ನದು. ತಗೊಳ್ಳಿ."

ಮೂರನೆಯ ಸಲ ಬೇಡ ಎನ್ನುವುದು ಅವಮಾನ. ಕಿನುಕೊ ತೆಗೆದುಕೊಂಡಳು. ಕೊಟ್ಟವರ ಎದುರು ಬಿಚ್ಚಿ ನೋಡುವುದೂ ಅವಮಾನ. ಹಾಗಾಗಿ ಗಂಟುಗಳೆಲ್ಲ ಬಾಗಿಲು ದಾಟಿ ಒಳಗೆ ಸೇರಿದವು. ಬಿಚ್ಚಿದಾಗ ಚಪ್ಪಲಿ ಬಿಡುವ ಜಾಗವೆಲ್ಲ ಹಳೇ ಬೇಲಿ ತುಂಬಿಕೊಂಡಿತು. ಅದರೊಳಗಿಂದ ಒಂದು ಶತಪದಿ ಇಳಿದು, ಮನೆಯನ್ನು ಖರೀದಿಗೆ ನೋಡಲು ಬಂದವರಂತೆ ಕೋಣೆ ಕೋಣೆ ಸುತ್ತಿತು.

ಇಲ್ಲಿ ಕಿನುಕೊ ಒಂದು ತಪ್ಪು ಮಾಡಿದಳು, ನಮ್ಮ ಓಣಿಯವರು ಮಾತ್ರ ಮಾಡಬಲ್ಲ ತಪ್ಪು. ಮನೆಗೆ ಕಾಣಿಕೆ ಹೊತ್ತು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಅಜ್ಜಿಯ ಗಾಡಿಯಲ್ಲಿ ಒಂದು ಗೊಂಚಲು ದ್ರಾಕ್ಷಿ ಇಟ್ಟುಬಿಟ್ಟಿದ್ದಳು.

"ದ್ರಾಕ್ಷಿ ಯಾಕೆ ಕೊಟ್ಟೆ?" ಎಂದ ಕುರಾಹಾಶಿ.

"ಹಾಗೇ ಕಳಿಸೋಕಾಗುತ್ತಾ? ನೀವೇನು ಮನುಷ್ಯರಾ?"

ದ್ರಾಕ್ಷಿ ಹೋದ ಮೇಲೆ ದ್ರಾಕ್ಷಿಗೆ ಮರುಕಾಣಿಕೆ ಬರಬೇಡವೇ? ಮರುದಿನ ಗಾಡಿ ಮತ್ತೆ ಬಂತು. ಕಿನುಕೊ ತಡೆಯಲಾರದೆ ಬಿಸ್ಕತ್ತು ಕೊಟ್ಟಳು. ಬಿಸ್ಕತ್ತಿಗೆ ಎರಡು ಗಂಟು ಬಂದವು. ಒಣಮೀನಿಗೆ ಐದು. ಇಸೊಗಾಯ್‌ನ ಮನೆಯಲ್ಲೂ ಅದೇ ಕಥೆ. ಅವನು ಪ್ರತಿಸಲ ತೋಫು ಕೊಟ್ಟು ಪ್ರತಿಸಲ ಮೂಟೆ ಪಡೆದ. ಅಜ್ಜಿಯ ಅಡುಗೆಮನೆ ತುಂಬ ಹಣ್ಣು ತಿಂಡಿ, ಓಣಿಯ ಮನೆಮನೆಯೊಳಗೆ ಕಾಡು. ಕುರಾಹಾಶಿಯ ಮನೆಯಲ್ಲಿ ಸ್ನಾನದ ತೊಟ್ಟಿಯೂ ತುಂಬಿತು. ಬಾಗಿಲಿಗೆ ದಾರಿಯಿಲ್ಲದೆ ಅವನು ಕಿಟಕಿಯಿಂದ ಇಳಿಯತೊಡಗಿದ. ಒಂದು ಬೆಳಿಗ್ಗೆ ಅರ್ಧ ಇಳಿದು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇದ್ದಾಗ, ತಿರುವಿನಲ್ಲಿ ಗಾಡಿಯ ಚಕ್ರದ ಕಿರಕಿರ ಕೇಳಿಸಿತು.

"ಸಾಕು!" ಎಂದು ಕೂಗಿದ ಕುರಾಹಾಶಿ. "ಸಾಕು ಹತ್ಸುಯೊ-ಸಾನ್! ಕಾಲಿಗೆ ಬೀಳ್ತೀನಿ! ಅದು ಉಡುಗೊರೆ ಅಲ್ಲ! ಕಸ! ನಾನೇ ಕದ್ದು ಎಸೆದ ಕಸ!"

ಕೂಗು ಗುಡ್ಡಕ್ಕೆ ಬಡಿದು ಹಿಂದಿರುಗಿತು. ಗುಡ್ಡದಾಚೆ ಜಗಳಕ್ಕೆ ಹೋಗಿದ್ದ ಬೆಕ್ಕುಗಳು ಏನೋ ಅನಾಹುತವಾಯಿತೆಂದು ಓಡಿ ಬಂದವು. ಒಂದೊಂದೇ ಬಾಗಿಲು ಸರಿದು ತಲೆಗಳು ಹೊರಬಂದವು. ಕುರಾಹಾಶಿ ಕಿಟಕಿಯ ಮೇಲೆ ಕುದುರೆ ಸವಾರನಂತೆ ಕೂತಿದ್ದ. ಅಜ್ಜಿ ಗಾಡಿ ನಿಲ್ಲಿಸಿ, ಇದ್ದಂತೆಯೇ ಬಾಗಿ ನಿಂತು, ಮೃದುವಾಗಿ ಕೇಳಿದಳು:

"ಹೌದಾ? ಕಸಾನಾ? ಹಾಗಾದ್ರೆ ಚೀಲದ ಮೇಲೆ ಹೆಸರು ಬರೀಬೇಕಾಗುತ್ತೆ, ಅಲ್ವಾ?"

ಕಸ ಎಂಬ ಮಾತು ಒಬ್ಬನ ಬಾಯಿಂದ ಹೊರಬಿದ್ದದ್ದೇ ತಡ, ಉಳಿದವರಿಗೂ ಗಂಟಲ ಮುಳ್ಳು ಇಳಿದಂತಾಯಿತು. ಎಲ್ಲರೂ ಗರಗಸ, ದಾರ, ಚೀಲ ತಂದರು. ಒಬ್ಬರ ಹೆಸರೇ ಹೆಚ್ಚಾಗಿ ಕಾಣದ ಹಾಗೆ ಎಲ್ಲರ ಹೆಸರೂ ಸಮವಾಗಿ ಬರೆದರು. ಅದಕ್ಕೂ ಇಸೊಗಾಯ್ ಒಂದು ಸುತ್ತೋಲೆ ಕಳಿಸಿದ. ಈ ಸಲದ್ದು ಅರ್ಥವಾಯಿತು. ಕಸದ ಲಾರಿಯ ಚಾಲಕ ಓಣಿಯ ಮೂಲೆಯ ರಾಶಿ ನೋಡಿ ಟೋಪಿ ತೆಗೆದು, ಇಳಿಯದೆ, ಇನ್ನೊಂದು ಲಾರಿ ತರಲು ಹಿಂದಕ್ಕೆ ಹೋದ. ಹದ್ದು ಸಂಸಾರಸಮೇತ ಬೇರೆ ಊರಿಗೆ ಹೊರಟಿತು.

ಕೆಂಪು ಹೂ ಪೂರ್ತಿ ಅರಳುವ ಹಿಂದಿನ ದಿನ ಆ ತುಂಡು ಭೂಮಿಯ ಮಣ್ಣು ಮತ್ತೆ ಕಂಡಿತು. ಕುರಾಹಾಶಿ ಬೆಳಗಿನಿಂದ ಮೊಣಕಾಲೂರಿ, ಹಳೆಯ ಅಂಗಡಿಯ ಬಾಚಣಿಗೆಯಿಂದಲೇ ಮಣ್ಣು ಬಾಚಿ ಬಾಚಿ ಚೂರು ಕಡ್ಡಿಗಳನ್ನು ಹೆಕ್ಕುತ್ತಿದ್ದ. ಅವನ ಹಿಂದೆಯೇ ಅಜ್ಜಿ ಬೀಜ ಹಾಕುತ್ತ ಬರುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವನು ಸೊಂಟ ಹಿಡಿದುಕೊಂಡು ಎದ್ದು ನಿಲ್ಲಲು ನೋಡಿದ; ಅರ್ಧಕ್ಕೇ ನಿಂತಿತು. ಇಬ್ಬರೂ ಈಗ ಒಂದೇ ಎತ್ತರವಾದರು.

"ಹತ್ಸುಯೊ-ಸಾನ್, ಒಂದು ಮಾತು ಕೇಳ್ಲಾ? ಮೊದಲನೇ ದಿನವೇ ನೇರ ಬಂದು 'ಇಲ್ಲಿ ಹಾಕಬೇಡ' ಅಂದಿದ್ರೆ ನಾನು ಅವತ್ತೇ ನಿಲ್ಲಿಸಿಬಿಡ್ತಿದ್ದೆ. ಯಾಕೆ ಹೇಳ್ಲಿಲ್ಲ?"

ಅಜ್ಜಿ ಬೀಜದ ಮೇಲೆ ಮಣ್ಣೆಳೆದು, ಅಂಗೈಯಿಂದ ಮೆಲ್ಲಗೆ ಒತ್ತಿದಳು.

"ಹೇಳಿದ್ರೆ ನಿಮಗೆ ಮನಸ್ಸು ನೋಯ್ತಿತ್ತು ಕುರಾಹಾಶಿ-ಸಾನ್. ಮನಸ್ಸಿನ ನೋವು ಮಣ್ಣಿಗೆ ಹೋಗೋವರೆಗೂ ಹೋಗಲ್ಲ. ಸೊಂಟ ನೋವು ಒಂದು ಪಟ್ಟಿ ಅಂಟಿಸಿದ್ರೆ ಹೋಗುತ್ತೆ. ಆ ಮೂಲೇಲಿ ಇನ್ನೊಂದು ಕಡ್ಡಿ ಇದೆ, ನೋಡಿ."